ನಗರದ ನದಿ ಉದ್ಯಮಗಳ ಕುರಿತು ವಿಚಾರ ಸಂಕಿರಣ: ಯೋಜಿಸುವ ಕ್ರಮ

ನಗರದ ನದಿಯನ್ನು ನೆಚ್ಚಿಕೊಂಡ ಉದ್ಯಮಗಳ ಆರ್ಥಿಕ ಅಭಿವೃದ್ಧಿಯ ಬಗ್ಗೆ ವಿಚಾರ ಸಂಕಿರಣ ನಡೆಸುವವರು, ಸಭಾಂಗಣ ಹುಡುಕುವ ಮೊದಲು, ಅದು ಮುಗಿದ ಮೇಲೆ ಯಾರಿಂದ ಯಾವ ನಿರ್ಧಾರ ಹೊರಬೀಳಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ದೋಣಿ ದುರಸ್ತಿ, ಮರಳು ಮತ್ತು ಜಲ್ಲಿ ಇಳಿಸುವ ಧಕ್ಕೆ (ದೋಣಿಗಳು ನಿಲ್ಲುವ ದಂಡೆಯ ಕಟ್ಟೆ), ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಸಾಗಣೆ, ಪ್ರಯಾಣಿಕರ ದೋಣಿ ಸೇವೆ ಇವುಗಳ ಸಮಸ್ಯೆಗಳು ಬೇರೆಬೇರೆಯಾದರೂ, ನದಿದಂಡೆಯ ಜಾಗಕ್ಕಾಗಿ ವಸತಿ ಕಟ್ಟಡಗಳೊಡನೆ ಏರ್ಪಡುವ ಪೈಪೋಟಿ ಬಹುಮಟ್ಟಿಗೆ ಎಲ್ಲವನ್ನೂ ಕಾಡುತ್ತದೆ. ಮುಖ್ಯ ಗೋಷ್ಠಿಗೆ ಅದೇ ತಕ್ಕ ವಿಷಯ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಹಲವು ಧಕ್ಕೆಗಳನ್ನು ಸರಕು ಸಾಗಣೆಗೆಂದು ಯೋಜನಾ ನಿಯಮಗಳಡಿ ಕಾಯ್ದಿರಿಸಲಾಗಿದೆ. ಪ್ಯಾರಿಸ್ಸಿನಲ್ಲಿ ಒಂದು ದಿನಸಿ ಮಳಿಗೆ ಸರಣಿಯು 2012ರಲ್ಲಿ ಸೇನ್ ನದಿಯ ಮೂಲಕ ಸರಕು ತರಿಸಲು ಆರಂಭಿಸಿತು. ಇಂಥ ಉದಾಹರಣೆಗಳನ್ನು ಚರ್ಚೆಗೆ ಇಡಬಹುದು.

ಆಹ್ವಾನಿತರ ಪಟ್ಟಿಯಲ್ಲಿ ಅಧಿಕಾರಿಗಳು ಮತ್ತು ಅರ್ಥಶಾಸ್ತ್ರಜ್ಞರಷ್ಟೇ ತುಂಬಿಕೊಳ್ಳುವುದು ಸಾಮಾನ್ಯ. ದೋಣಿ ನಡೆಸುವವರು, ಧಕ್ಕೆಯ ಕಾರ್ಮಿಕರು, ವಿಮಾ ಕಂಪನಿಯವರು ಮತ್ತು ಪರಿಸರ ತಜ್ಞರಿಲ್ಲದೆ ಚರ್ಚೆ ಗಾಳಿಯಲ್ಲೇ ಉಳಿಯುತ್ತದೆ. ಪ್ರತಿ ಧಕ್ಕೆಯ ಬಳಿಯ ನೀರಿನ ಆಳ, ಸೇತುವೆಗಳ ಕೆಳಗಿನ ಎತ್ತರ ಮತ್ತು ಹೂಳೆತ್ತುವ ವೆಚ್ಚವನ್ನು ಒಂದೇ ದೊಡ್ಡ ನಕ್ಷೆಯಲ್ಲಿ ಗುರುತಿಸಿ ಮುಂಚಿತವಾಗಿ ಹಂಚಬೇಕು. ಹೂಳಿನಲ್ಲಿ ಕಾರ್ಖಾನೆಗಳ ವಿಷವಸ್ತುಗಳಿದ್ದರೆ ವಿಲೇವಾರಿಯ ಖರ್ಚು ಬಹಳಷ್ಟು ಏರುವುದರಿಂದ ಅದಕ್ಕೆ ಪ್ರತ್ಯೇಕ ಅಂಕಣವಿರಲಿ.

ನದಿಯ ಮೇಲಿನ ಸ್ಥಳವೀಕ್ಷಣೆಯನ್ನು ಊಟದ ನಂತರದ ವಿಹಾರವಾಗಿಸದೆ ಬೆಳಗಿನ ಅವಧಿಗೇ ಇಡುವುದು ಒಳಿತು. ಭರತ-ಇಳಿತವಿರುವ ನದಿಯಾದರೆ ಅದರ ವೇಳಾಪಟ್ಟಿಯನ್ನು ನೋಡಿಯೇ ಸಮಯ ಗೊತ್ತುಮಾಡಬೇಕು, ಏಕೆಂದರೆ ಭರತದಲ್ಲಿ ದೋಣಿ ಸೇತುವೆಯಡಿ ಹಾಯದೇ ಇರಬಹುದು, ಇಳಿತದಲ್ಲಿ ತಳಕ್ಕೆ ತಾಗಬಹುದು. ನಿರ್ಣಯಗಳ ಕರಡಿನಲ್ಲಿ ಪ್ರತಿ ಕೆಲಸದ ಎದುರು ಹೊಣೆಗಾರರ ಹೆಸರು ಮತ್ತು ಗಡುವು ನಮೂದಿಸಿ, ಪ್ರತಿನಿಧಿಗಳು ಊರಿಗೆ ಮರಳುವ ಮುನ್ನವೇ ಅವರ ಒಪ್ಪಿಗೆ ಪಡೆಯಬೇಕು.