ಜರ್ಮನಿಯಲ್ಲಿ ಎರಡನೇ ಮಗು: ಆ ರಾತ್ರಿ ದೊಡ್ಡವನನ್ನು ನೋಡಿಕೊಳ್ಳುವವರು ಯಾರು?

ರಾತ್ರಿ ಎರಡೂಕಾಲಿಗೆ ನೋವು ಶುರುವಾಯಿತು. ಬ್ಯಾಗ್ ಬಾಗಿಲ ಹತ್ತಿರ ರೆಡಿ ಇತ್ತು. ಟ್ಯಾಕ್ಸಿ ನಂಬರ್ ಫ್ರಿಜ್ ಮೇಲೆ ಅಂಟಿಸಿತ್ತು. ದೊಡ್ಡವನು ಮಾತ್ರ ಹಾಸಿಗೆಗೆ ಅಡ್ಡಡ್ಡ ಮಲಗಿ ಗಾಢ ನಿದ್ದೆಯಲ್ಲಿದ್ದ. ಅವನಿಗೆ ಆಗ ಎರಡು ವರ್ಷ ಏಳು ತಿಂಗಳು. ಅಮ್ಮನ ವಿಮಾನ ಇನ್ನೂ ಮೂರು ದಿನ ಬಿಟ್ಟು. ಮಗು ಎಂಟು ದಿನ ಮುಂಚೆಯೇ ಹೊರಟು ಬಂದಿತ್ತು.

ನಮ್ಮೆಜಮಾನರು ಹೋಗಿ ಮೇಲಿನ ಮನೆಯ ಬೆಲ್ ಒತ್ತಿದರು. ಎಪ್ಪತ್ತು ದಾಟಿದ ಅಜ್ಜಿ ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು, ಕನ್ನಡಕ ಕೈಯಲ್ಲೇ ಹಿಡಿದು ಇಳಿದು ಬಂದರು. ಸೋಫಾ ಮೇಲೆ ಕೂತು, ಹೊರಡಿ ಅಂತ ಕೈ ಬೀಸಿದರು. ಎರಡು ತಿಂಗಳ ಮುಂಚೆಯೇ ಅವರನ್ನು ಕೇಳಿಟ್ಟಿದ್ದೆವು. ನಾವು ಮಾಡಿದ ತಯಾರಿಯಲ್ಲೆಲ್ಲ ಅತ್ಯಂತ ಉಪಯೋಗಕ್ಕೆ ಬಂದಿದ್ದು ಇದೊಂದೇ.

ಸ್ಟುಟ್‌ಗಾರ್ಟ್‌ಗೆ ಬಂದು ಆರು ವರ್ಷವಾದ ಮೇಲೆ, 2025ರ ಜೂನ್‌ನಲ್ಲಿ ನಮಗೆ ಎರಡನೆಯದಾಯಿತು. ಮೊದಲನೇ ಸಲ ಇಲ್ಲಿನ ವ್ಯವಸ್ಥೆ ಹೇಗೂ ಗೊತ್ತಾಗಿದೆಯಲ್ಲ ಅಂದುಕೊಂಡಿದ್ದೆ. ಅರ್ಧ ಮಾತ್ರ ಗೊತ್ತಿತ್ತು. ಎರಡನೇ ಮಗುವಿಗೆ ಅಂತಲೇ ಬೇರೆ ನಿಯಮಗಳು ಬಹಳ ಇವೆ. ಯಾವುದೂ ತಾನಾಗಿ ಬರುವುದಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಲ್ಲ ಅಂತಾರಲ್ಲ, ಇಲ್ಲಿ ಅಳುವುದನ್ನು ಫಾರಂ ತುಂಬಿ ಅಳಬೇಕು. ಆ ಫಾರಂಗೆ ಆನ್‌ಟ್ರಾಗ್ ಅಂತ ಹೆಸರು.

ದೊಡ್ಡ ಮಗುವಿಗೆ ಒಂದು ದಾರಿ

ಮೊದಲು ಕಿಟಾ, ಅಂದರೆ ಶಿಶುವಿಹಾರ. ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ ಅವರ ಹತ್ತಿರ ಇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಗುವನ್ನು ಕೊಡುವುದಿಲ್ಲ, ಎಷ್ಟೇ ಪರಿಚಯದವರಾದರೂ. ಮೇಲಿನ ಮನೆಯ ಅಜ್ಜಿಯ ಹೆಸರು ಬರೆಸಲು ನಾವು ಮರೆತಿದ್ದೆವು. ಮಾರನೇ ದಿನ ಮಧ್ಯಾಹ್ನ ಅವರು ಕಿಟಾ ಬಾಗಿಲಲ್ಲಿ ನಿಂತಿದ್ದಾರೆ, ನಮ್ಮವರು ಹೆರಿಗೆ ವಾರ್ಡಿನಿಂದ ಫೋನಿನಲ್ಲಿ ಗೋಗರೆಯುತ್ತಿದ್ದಾರೆ. ಕೊನೆಗೆ ಇಮೇಲ್ ಕಳಿಸಿ, ಅಜ್ಜಿ ಗುರುತಿನ ಚೀಟಿ ತೋರಿಸಿದ ಮೇಲೆ ಬಿಟ್ಟರು. ತಪ್ಪು ನಮ್ಮದೇ. ಏಳನೇ ತಿಂಗಳಲ್ಲೇ ಎರಡು ಮೂರು ಹೆಸರು ಬರೆಸಿಟ್ಟುಬಿಡಿ.

ಇನ್ನೊಂದು ಮಾತು. ಹೊಸ ಕಿಟಾಕ್ಕೆ ಸೇರಿಸುವುದನ್ನು ಹೆರಿಗೆಯ ಆಸುಪಾಸಿಗೆ ಇಟ್ಟುಕೊಳ್ಳಬೇಡಿ. ಇಲ್ಲಿ ಮಗು ಹೊಂದಿಕೊಳ್ಳುವ ತನಕ, ಕೆಲವು ವಾರ, ಅಪ್ಪನೋ ಅಮ್ಮನೋ ಜೊತೆಗೆ ಹೋಗಿ ಕೂರಬೇಕು. ತುಂಬಿದ ಹೊಟ್ಟೆ ಹೊತ್ತು ಮಕ್ಕಳ ಆ ಮೊಳದೆತ್ತರದ ಕುರ್ಚಿಯಲ್ಲಿ ಕೂರುವುದು ಬೇಡಪ್ಪಾ ಬೇಡ. ವರ್ಷ ತುಂಬಿದ ಮಗುವಿಗೆ ಕಿಟಾ ಅಥವಾ ಅಂಥದೇ ಜಾಗ ಸಿಗಬೇಕು ಅನ್ನುವುದು 2013ರ ಆಗಸ್ಟ್‌ನಿಂದ ಇಲ್ಲಿ ಕಾನೂನು. ಜಾಗ ಸಿಗುವುದು ಬೇರೆ ಕತೆ. ಹಾಗಾಗಿ ದೊಡ್ಡದಕ್ಕೆ ಜಾಗ ಇದ್ದರೆ ಉಳಿಸಿಕೊಳ್ಳಿ. ಒಂದೇ ಮನೆಯ ಇಬ್ಬರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಊರುಗಳೂ ಬಹಳ ಇವೆ. ನಿಮ್ಮ ಊರಿನದು ಕೇಳಿ ನೋಡಿ.

ಈಗ ಹೌಸ್‌ಹಾಲ್ಟ್ಸ್‌ಹಿಲ್ಫೆ. ಅಂದರೆ ಮನೆಗೆಲಸಕ್ಕೆ, ದೊಡ್ಡ ಮಗುವನ್ನು ನೋಡಿಕೊಳ್ಳುವುದಕ್ಕೆ ಒಬ್ಬರು ಸಹಾಯಕರು. ಸರ್ಕಾರಿ ಆರೋಗ್ಯ ವಿಮೆ ಇರುವ ತಾಯಿಗೆ ಬಸಿರು ಅಥವಾ ಹೆರಿಗೆಯಿಂದಾಗಿ ಮನೆ ನೋಡಿಕೊಳ್ಳಲು ಆಗದಿದ್ದರೆ, ಮನೆಯಲ್ಲಿರುವ ಬೇರೆಯವರಿಗೂ ಆಗದಿದ್ದರೆ, ಅದರ ಖರ್ಚನ್ನು ವಿಮೆಯೇ ಕೊಡುತ್ತದೆ. ಡಾಕ್ಟರ ಚೀಟಿ ಬೇಕು, ಆನ್‌ಟ್ರಾಗ್ ಬೇಕು. ಪಕ್ಕದ ಮನೆಯವರು, ಗೆಳತಿ ಬಂದರೂ ಗಂಟೆಗೆ ಇಷ್ಟು ಅಂತ ಕೊಡುತ್ತಾರೆ. ಹತ್ತಿರದ ಸಂಬಂಧಿಕರಿಗೆ ಸಂಬಳ ಇಲ್ಲ. ಆದರೆ ಗಂಡ ಸಂಬಳವಿಲ್ಲದ ರಜೆ ಹಾಕಿದ್ದರೆ ಆ ನಷ್ಟವನ್ನು ತುಂಬಿಕೊಡುವುದೂ ಉಂಟು. ನನಗೆ ಇದು ಗೊತ್ತಾಗಿದ್ದು ಹೆರಿಗೆಯಾಗಿ ಹತ್ತು ದಿನಕ್ಕೆ, ಸೂಲಗಿತ್ತಿ ಹೇಳಿದ ಮೇಲೆ. ಅಷ್ಟರಲ್ಲಿ ನಮ್ಮವರು ತಮ್ಮ ವರ್ಷದ ರಜೆಯನ್ನೆಲ್ಲ ಸುಮ್ನೆ ಸುರಿದಿದ್ದರು.

ಸೂಲಗಿತ್ತಿ ಮನೆಗೇ ಬರುತ್ತಾರೆ

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಅಲ್ವಾ? ಆದರೆ ನಮ್ಮ ಪೇಟೆಗಳಲ್ಲಿ ಸೂಲಗಿತ್ತಿ ಕಾಣೆಯಾಗಿ ಎಷ್ಟೋ ಕಾಲವಾಯಿತು. ಇಲ್ಲಿ ಹೆಬಾಮೆ, ಅಂದರೆ ಸೂಲಗಿತ್ತಿ, ಇಲ್ಲದೆ ಹೆರಿಗೆಯೇ ಇಲ್ಲ. ಆಸ್ಪತ್ರೆಯಲ್ಲೂ ಡಾಕ್ಟರು ಹೆಬಾಮೆಯನ್ನು ಕರೆಸಲೇಬೇಕು ಅಂತ ಕಾನೂನಿದೆ. ಎಲ್ಲ ಸರಿಯಾಗಿದ್ದರೆ ಹೆಬಾಮೆ ಒಬ್ಬರೇ ಹೆರಿಗೆ ಮಾಡಿಸಬಹುದು.

ಮನೆಗೆ ಬಂದ ಮೇಲೆ ಮೊದಲ ಹತ್ತು ದಿನ ದಿನಾ ಬರಬಹುದು. ಆಮೇಲೆ ಹನ್ನೆರಡು ವಾರದವರೆಗೆ ಬೇಕಾದಾಗ. ಸರ್ಕಾರಿ ವಿಮೆಯಲ್ಲಿ ನಿಮ್ಮ ಕೈಯಿಂದ ಒಂದು ಸೆಂಟ್ ಖರ್ಚಿಲ್ಲ. ಸಿಗುವುದೇ ಕಷ್ಟ. ಟೆಸ್ಟ್‌ನಲ್ಲಿ ಎರಡು ಗೆರೆ ಕಂಡ ವಾರವೇ ಫೋನ್ ಮಾಡಲು ಶುರು ಮಾಡಿ. ಮೊದಲ ಮಗುವಿಗೆ ಬಂದವರಿದ್ದರೆ ಅವರನ್ನೇ ಮೊದಲು ಕೇಳಿ.

ಎರಡನೇ ಸಲ ಇನ್ನೊಂದು ದಾರಿಯೂ ಇದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಮನೆಗೆ ಬಂದುಬಿಡುವುದು. ಇದಕ್ಕೆ ಮನೆಗೆ ಬರುವ ಹೆಬಾಮೆ ಇರಲೇಬೇಕು. ಮೂರರಿಂದ ಹತ್ತನೇ ದಿನದೊಳಗೆ ಮಾಡುವ ಯು2 ಅನ್ನುವ ಮಗುವಿನ ತಪಾಸಣೆಗೆ ಮಕ್ಕಳ ಡಾಕ್ಟರನ್ನೂ ಗೊತ್ತುಮಾಡಿಕೊಂಡಿರಬೇಕು. ದೊಡ್ಡವನನ್ನು ಬಿಟ್ಟು ಮೂರು ರಾತ್ರಿ ಇರಲಾರೆ ಅಂತ ನಾನು ಹೀಗೆ ಬರಬೇಕೆಂದಿದ್ದೆ. ಕೊನೆಗೆ ಒಂದು ರಾತ್ರಿ ಉಳಿದೆ. ನಿಜ ಹೇಳಬೇಕೆಂದರೆ ಆ ಒಂದು ರಾತ್ರಿ ಸ್ವರ್ಗ.

ದುಡ್ಡು: ತಾರೀಖಿನ ಲೆಕ್ಕ

ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ಮುಟ್ಟರ್‌ಶುಟ್ಸ್ ರಜೆ. ಅವಧಿಗೆ ಮುಂಚೆ ಹುಟ್ಟಿದರೆ, ಅವಳಿಯಾದರೆ ಆಮೇಲಿನದು ಹನ್ನೆರಡು ವಾರ. ವಿಮೆಯವರು ದಿನಕ್ಕೆ 13 ಯೂರೋವರೆಗೆ ಕೊಡುತ್ತಾರೆ, ಉಳಿದದ್ದನ್ನು ಕಂಪನಿ ತುಂಬುತ್ತದೆ. ಕೈಗೆ ಬರುವ ಸಂಬಳ ಕಡಿಮೆಯಾಗುವುದಿಲ್ಲ.

ಎರಡನೆಯದಕ್ಕೆ ಮುಖ್ಯವಾದ ಗುಟ್ಟು ಇಲ್ಲಿದೆ. ಮೊದಲ ಮಗುವನ್ನು ನೋಡಿಕೊಳ್ಳಲು ತಂದೆತಾಯಿಗೆ ಸಿಗುವ ಎಲ್ಟರ್ನ್‌ಟ್ಸೈಟ್ ರಜೆಯಲ್ಲೇ ಇದ್ದೀರಿ, ಅಷ್ಟರಲ್ಲಿ ಎರಡನೆಯದು ಬರುತ್ತಿದೆ ಅಂತಿಟ್ಟುಕೊಳ್ಳಿ. ಆ ರಜೆಯನ್ನು ಹೊಸ ಮುಟ್ಟರ್‌ಶುಟ್ಸ್ ಶುರುವಾಗುವ ಹಿಂದಿನ ದಿನಕ್ಕೆ ಮುಗಿಸುತ್ತೇನೆ ಅಂತ ಕಂಪನಿಗೆ ಬರೆದು ಕೊಡಬಹುದು. ಅವರ ಒಪ್ಪಿಗೆ ಬೇಕಿಲ್ಲ. ಬರೆದು ಕೊಟ್ಟರೆ ಕಂಪನಿಯ ಪಾಲೂ ಬರುತ್ತದೆ. ಕೊಡದಿದ್ದರೆ ದಿನಕ್ಕೆ 13 ಯೂರೋ ಮಾತ್ರ. ಒಂದೇ ಒಂದು ಪತ್ರದ ಬೆಲೆ ನೋಡಿ.

ಆಮೇಲೆ ಎಲ್ಟರ್ನ್‌ಗೆಲ್ಡ್, ಅಂದರೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿರುವ ತಂದೆತಾಯಿಗೆ ಸರ್ಕಾರ ಕೊಡುವ ಹಣ. ಕೈಗೆ ಬರುವ ಸಂಬಳದ ಸುಮಾರು 65 ಶೇಕಡಾ, ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೋ. ಅಪ್ಪನೂ ಕನಿಷ್ಠ ಎರಡು ತಿಂಗಳು ತೆಗೆದುಕೊಂಡರೆ ಇಬ್ಬರಿಗೂ ಸೇರಿ 14 ತಿಂಗಳು. ಹೆರಿಗೆಯ ನಂತರದ ಎಂಟು ವಾರ ತಾಯಿಯ ಲೆಕ್ಕಕ್ಕೇ ಹೋಗುತ್ತದೆ. 2024ರ ಏಪ್ರಿಲ್‌ನಿಂದ ಹುಟ್ಟಿದ ಮಕ್ಕಳಿಗೆ ಅಪ್ಪ ಅಮ್ಮ ಒಟ್ಟಿಗೆ ಪೂರ್ತಿ ಹಣ ಪಡೆಯಬಹುದಾದದ್ದು ಒಂದೇ ತಿಂಗಳು, ಅದೂ ಮೊದಲ ವರ್ಷದೊಳಗೆ. ಅವಳಿ ಮಕ್ಕಳಿಗೆ, ಅವಧಿಗೆ ಮುಂಚೆ ಹುಟ್ಟಿದವರಿಗೆ ವಿನಾಯಿತಿ ಇದೆ. ಇನ್ನು 2025ರ ಏಪ್ರಿಲ್‌ನಿಂದ ಹುಟ್ಟಿದವರ ತಂದೆತಾಯಿಯ ತೆರಿಗೆಗೆ ಒಳಪಡುವ ಆದಾಯ ವರ್ಷಕ್ಕೆ 1,75,000 ಯೂರೋ ದಾಟಿದರೆ ಏನೂ ಇಲ್ಲ.

ಮನೆಯಲ್ಲಿ ಮೂರು ವರ್ಷದೊಳಗಿನ ದೊಡ್ಡ ಮಗು ಇದ್ದರೆ ಹತ್ತು ಶೇಕಡಾ ಜಾಸ್ತಿ, ಕನಿಷ್ಠ 75 ಯೂರೋ. ದೊಡ್ಡವನಿಗೆ ಮೂರು ತುಂಬಿತೋ, ನಿಂತಿತು. ನಮಗೆ ಸಿಕ್ಕಿದ್ದು ಐದೇ ತಿಂಗಳು.

ಎಲ್ಲರೂ ಎಡವುವುದು ಯಾವ ಸಂಬಳದ ಲೆಕ್ಕ ಅನ್ನುವುದರಲ್ಲಿ. ಮುಟ್ಟರ್‌ಶುಟ್ಸ್ ಶುರುವಾಗುವ ತಿಂಗಳಿಗೆ ಹಿಂದಿನ 12 ತಿಂಗಳನ್ನು ನೋಡುತ್ತಾರೆ. ದೊಡ್ಡ ಮಗುವಿನ 14ನೇ ತಿಂಗಳವರೆಗೆ ಎಲ್ಟರ್ನ್‌ಗೆಲ್ಡ್ ಬಂದ ತಿಂಗಳುಗಳನ್ನು ಬಿಟ್ಟು, ಅದಕ್ಕೂ ಹಿಂದಿನದನ್ನು ಹಿಡಿಯುತ್ತಾರೆ. ಅದರ ಆಚೆಗೆ ಸುಮ್ಮನೆ ಮನೆಯಲ್ಲಿದ್ದ ತಿಂಗಳು ಸೊನ್ನೆ ಅಂತಲೇ ಲೆಕ್ಕ. ನನ್ನ ಗೆಳತಿಯೊಬ್ಬಳು ಮೊದಲ ಮಗುವಿಗೆ ಎರಡು ವರ್ಷವಾಗುವವರೆಗೆ ಮನೆಯಲ್ಲಿದ್ದಳು. ಸ್ವಲ್ಪ ದಿನಕ್ಕೆ ಎರಡನೆಯದಾಯಿತು. ಮೊದಲ ಸಲ ಒಳ್ಳೆಯ ಸಂಬಳದ ಮೇಲೆ ಬಂದಿತ್ತು, ಈ ಸಲ ಬಂದದ್ದು 300, ಮೇಲೆ 75. ಹಾಗಂತ ಫಾರಂ ನೋಡಿಕೊಂಡು ಮಗು ಮಾಡಿಕೊಳ್ಳಿ ಅಂತ ಹೇಳುತ್ತಿಲ್ಲ. ಗೊತ್ತಿದ್ದರೆ ಒಳ್ಳೆಯದು ಅಷ್ಟೇ.

ತೆರಿಗೆ ವರ್ಗವನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಗಂಡನದು ಮೂರು, ಹೆಂಡತಿಯದು ಐದು. ಮೂರರಲ್ಲಿ ಸಂಬಳದಿಂದ ತಿಂಗಳು ತಿಂಗಳು ಹಿಡಿಯುವ ತೆರಿಗೆ ಕಡಿಮೆ, ಐದರಲ್ಲಿ ಜಾಸ್ತಿ. ಹೆಚ್ಚು ತಿಂಗಳು ರಜೆ ಹಾಕುವವರು ಹೆಂಡತಿಯಾದರೆ ಅದಲುಬದಲು ಮಾಡಿದರೆ ಎಲ್ಟರ್ನ್‌ಗೆಲ್ಡ್ ಏರುತ್ತದೆ. ಆದರೆ ಮುಟ್ಟರ್‌ಶುಟ್ಸ್ ತಿಂಗಳಿಗೆ ಕನಿಷ್ಠ ಏಳು ತಿಂಗಳ ಮೊದಲೇ ಹೊಸ ವರ್ಗ ಜಾರಿಯಲ್ಲಿರಬೇಕು. ಅಂದರೆ ಸಿಹಿ ಸುದ್ದಿ ಊರಿಗೆ ಹೇಳುವ ಮುಂಚೆಯೇ ತೆರಿಗೆ ಕಚೇರಿಗೆ ಬರೆಯಬೇಕು!

ಅಪ್ಪಂದಿರಿಗೆ: ಹುಟ್ಟಿದ ಕೂಡಲೇ ಎಲ್ಟರ್ನ್‌ಟ್ಸೈಟ್ ಬೇಕಾದರೆ ಏಳು ವಾರ ಮುಂಚೆ ಕಂಪನಿಗೆ ತಿಳಿಸಬೇಕು. 2025ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಇಮೇಲ್ ಸಾಕು. ತೀರಾ ಮುಂಚೆ ಹೇಳಲು ಹೋಗಬೇಡಿ. ಕೆಲಸದಿಂದ ತೆಗೆಯುವಂತಿಲ್ಲ ಅನ್ನುವ ರಕ್ಷಣೆ ಶುರುವಾಗುವುದು ಎಂಟು ವಾರದ ಮುಂಚಿನಿಂದ ಮಾತ್ರ.

ಕಿಂಡರ್‌ಗೆಲ್ಡ್, ಅಂದರೆ ಪ್ರತಿ ಮಗುವಿಗೆ ಸರ್ಕಾರ ಕೊಡುವ ಭತ್ಯೆ, 2025ರಲ್ಲಿ ತಿಂಗಳಿಗೆ 255 ಯೂರೋ, 2026ರ ಜನವರಿಯಿಂದ 259. ಎರಡನೆಯದಕ್ಕೂ ಅಷ್ಟೇ, ಮತ್ತೆ ಅರ್ಜಿ ಹಾಕಬೇಕು. ತಡ ಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಎಲ್ಟರ್ನ್‌ಗೆಲ್ಡ್ ಆದರೆ ಮೂರೇ ತಿಂಗಳದ್ದು. ಮಗುವಿನ ತೆರಿಗೆ ನಂಬರ್ ಮಾತ್ರ ಯಾರೂ ಕೇಳದೆ ಅಂಚೆಯಲ್ಲಿ ಬರುತ್ತದೆ. ನಮ್ಮ ಚಿಕ್ಕವಳ ಹೆಸರಿಗೆ ಬಂದ ಮೊದಲ ಪತ್ರವೇ ಅದು.

ಇಬ್ಬರು ಮಕ್ಕಳಾದರೆ ಸಂಬಳದಲ್ಲಿ ಹಿಡಿಯುವ ಆರೈಕೆ ವಿಮೆಯ (ವಯಸ್ಸಾಗಿಯೋ ಕಾಯಿಲೆಯಿಂದಲೋ ಇನ್ನೊಬ್ಬರ ಆರೈಕೆ ಬೇಕಾದಾಗ ನೆರವಾಗುವ ವಿಮೆ) ಕಂತೂ ಇಳಿಯುತ್ತದೆ, 2023ರ ಜುಲೈನಿಂದ ಎರಡನೇ ಮಗುವಿಗೆ 0.25 ಶೇಕಡಾ. ಸಂಬಳದ ಚೀಟಿಯಲ್ಲಿ ಬಂದಿದೆಯಾ ನೋಡಿಕೊಳ್ಳಿ. ಖಾಸಗಿ ಆರೋಗ್ಯ ವಿಮೆ ಇದ್ದವರು ಹುಟ್ಟಿದ ಎರಡು ತಿಂಗಳೊಳಗೆ ಮಗುವನ್ನು ಸೇರಿಸಬೇಕು. ಆಗ ಆರೋಗ್ಯದ ಪ್ರಶ್ನೆಗಳನ್ನು ಕೇಳುವಂತಿಲ್ಲ.

ಅಮ್ಮ, ವೀಸಾ, ಸಾಂಬ್ರಾಣಿ

ಬಾಣಂತನಕ್ಕೆ ಅಂತ ಬೇರೆ ವೀಸಾ ಇಲ್ಲ. ಅಮ್ಮನಿಗೆ ಸಿಗುವುದು ಶೆಂಗೆನ್ ವೀಸಾ, 180 ದಿನದಲ್ಲಿ 90 ದಿನ. ಇಳಿದ ದಿನವೂ ಹೊರಡುವ ದಿನವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. 30,000 ಯೂರೋದ ಪ್ರವಾಸ ವಿಮೆ ಬೇಕು. ಖರ್ಚೆಲ್ಲ ನಮ್ಮದು ಅಂತ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಪತ್ರಕ್ಕೆ 29 ಯೂರೋ. ಅದರ ಅಪಾಯಿಂಟ್‌ಮೆಂಟ್‌ಗೇ ವಾರಗಟ್ಟಲೆ ಕಾಯಬೇಕಾಗಬಹುದು.

ಮೊದಲ ಮಗುವಿಗೆ ಹೆರಿಗೆಯಾದ ಮೇಲೆ ಬಂದರೂ ನಡೆಯುತ್ತದೆ. ಎರಡನೆಯದಕ್ಕೆ ಮೂರು ವಾರ ಮುಂಚೆ ಕರೆಸಿ. ದೊಡ್ಡ ಮಗು ಅಜ್ಜಿಗೆ ಅಂಟಿಕೊಳ್ಳಲು ಅಷ್ಟು ದಿನ ಬೇಕು. ನಾವು ಐದೇ ದಿನ ಮುಂಚೆ ಟಿಕೆಟ್ ಮಾಡಿ ಕೆಟ್ಟೆವು. ಅಮ್ಮ ಹೋದ ಮೇಲೆ ಅತ್ತೆ ಬಂದರೆ ಒಟ್ಟು ಆರು ತಿಂಗಳು. ಹಾಗೆ ಮಾಡುವವರು ನಮ್ಮಲ್ಲಿ ಬಹಳ.

ತುಪ್ಪ, ಹಾಲಿನ ಸಿಹಿ ತರುವಂತಿಲ್ಲ. ಬೆಣ್ಣೆ ಇಲ್ಲೇ ಸಿಗುತ್ತದೆ, ಕಾಯಿಸಿಕೊಂಡರಾಯಿತು. ಬಾಣಂತಿ ಖಾರ, ಅಂಟು, ಒಣಕೊಬ್ಬರಿ, ಕುಲಾವಿ ಇವಿಷ್ಟು ಸಾಕು.

ಅಮ್ಮನಿಗೂ ಹೆಬಾಮೆಗೂ ಮೊದಲ ದಿನವೇ ಶುರು. ಇವರು ಕಿಟಕಿ ಮುಚ್ಚಿದರೆ ಅವರು ತೆಗೆಯುವುದು. ಇವರು ಮಗುವಿಗೆ ಕುಲಾವಿ ಹಾಕಿದರೆ ಅವರು ಮೆಲ್ಲಗೆ ಬಿಚ್ಚುವುದು, ಮಲಗುವಾಗ ತಲೆಗೆ ಟೋಪಿ ಬೇಡ ಅಂತ. ಅಮ್ಮ ನನ್ನ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ನೋಡಿ ಮಾತ್ರ ಹೆಬಾಮೆ ಖುಷಿಯಾದರು. ಹನ್ನೊಂದನೇ ದಿನ ಅಮ್ಮ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದರು ನೋಡಿ, ಮಲಗುವ ಕೋಣೆಯ ಹೊಗೆ ಅಲಾರಂ ಕಿರುಚಿಕೊಂಡಿತು. ಮೇಲಿನ ಅಜ್ಜಿ ಮತ್ತೆ ಅದೇ ಸ್ವೆಟರ್‌ನಲ್ಲಿ ಇಳಿದು ಬಂದರು. ಇಲ್ಲಿ ಮಲಗುವ ಕೋಣೆಗಳಲ್ಲಿ ಆ ಅಲಾರಂ ಕಡ್ಡಾಯ. ಹೊಗೆ ಹಾಕುವುದಾದರೆ ಬಾಲ್ಕನಿಯಲ್ಲಿ ಬಟ್ಟೆಗೆ ಹಿಡಿದು ತನ್ನಿ.

ಹೆಸರು, ಪಾಸ್‌ಪೋರ್ಟ್

ಹುಟ್ಟಿದ ಒಂದು ವಾರದೊಳಗೆ ಷ್ಟಾಂಡೆಸ್‌ಆಮ್ಟ್ ಅನ್ನುವ ಊರಿನ ನೋಂದಣಿ ಕಚೇರಿಯಲ್ಲಿ ಜನನ ನೋಂದಣಿ. ಸಾಮಾನ್ಯವಾಗಿ ಆಸ್ಪತ್ರೆಯೇ ತಿಳಿಸುತ್ತದೆ. ಹೆಸರು ಮೊದಲೇ ಯೋಚಿಸಿಟ್ಟಿರಿ. ನಾಮಕರಣದ ದಿನ ಕಿವಿಯಲ್ಲಿ ಹೇಳೋಣ ಅಂತ ಕೂತರೆ ಕಾಗದ ಮುಂದೆ ಹೋಗಲ್ಲ. ನಮ್ಮ ಇನಿಷಿಯಲ್‌ಗಳು ಇಲ್ಲಿ ದೊಡ್ಡ ತಲೆನೋವು. ಊರಿನ ಹೆಸರು ಯಾವುದು, ಅಪ್ಪನ ಹೆಸರು ಯಾವುದು ಅಂತ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗುತ್ತದೆ. ಮೊದಲ ಮಗುವಿಗೆ ಇಲ್ಲಿನ ಕಾನೂನಿನಂತೆ ಯಾವ ಕುಟುಂಬದ ಹೆಸರು ಆರಿಸಿದ್ದೀರೋ ಎರಡನೆಯದಕ್ಕೂ ಅದೇ. ಮೊದಲ ಸಲ ಕೊಟ್ಟ ಪತ್ರಗಳ ಭಾಷಾಂತರಗಳನ್ನೆಲ್ಲ ತೆಗೆದಿಟ್ಟಿದ್ದರೆ ಈಗ ಹಾಗೇ ಕೊಡಬಹುದು.

ಕೊನೆಗೆ ಪೌರತ್ವ. 2024ರ ಜೂನ್ 27ರಿಂದ ನಿಯಮ ಬದಲಾಗಿದೆ. ತಂದೆತಾಯಿಯಲ್ಲಿ ಒಬ್ಬರು ಇಲ್ಲಿ ಐದು ವರ್ಷ ಕಾನೂನುಬದ್ಧವಾಗಿ ಇದ್ದು, ಕಾಯಂ ವಾಸದ ಹಕ್ಕೂ ಇದ್ದರೆ ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಜರ್ಮನ್. ಮುಂಚೆ ಎಂಟು ವರ್ಷ ಬೇಕಿತ್ತು. ಹಾಗಿಲ್ಲದ ಮಗುವಿಗೆ ಭಾರತೀಯ ಪಾಸ್‌ಪೋರ್ಟ್ ಮಾಡಿಸಬೇಕು. ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಆರು ತಿಂಗಳೊಳಗೆ ಇಲ್ಲಿನ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಜರ್ಮನ್ ಆದ ಮಗುವಿಗೆ ಇವು ಯಾವುವೂ ಇಲ್ಲ, ಊರಿಗೆ ಬರಲು ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್, ಮಾಡಿಸಬೇಕು. ಮಕ್ಕಳಿಗಿದ್ದ ಸಣ್ಣ ಪಾಸ್‌ಪೋರ್ಟನ್ನು 2024ರ ಜನವರಿಯಿಂದ ನಿಲ್ಲಿಸಿದ್ದಾರೆ. ಈಗ ದೊಡ್ಡವರದೇ ಪಾಸ್‌ಪೋರ್ಟ್.

ಹೀಗಾಗಿ ಒಂದೇ ಊರಲ್ಲಿ ಹುಟ್ಟಿದ ನಮ್ಮ ಇಬ್ಬರು ಮಕ್ಕಳದು ಎರಡು ದೇಶ. ಡ್ರಾಯರ್‌ನಲ್ಲಿ ದೊಡ್ಡವನದು ನೀಲಿ ಪಾಸ್‌ಪೋರ್ಟ್, ಚಿಕ್ಕವಳದು ಕೆಂಪು. ತನಗೂ ಕೆಂಪೇ ಬೇಕು ಅಂತ ಅವನು ಎರಡು ದಿನ ಅತ್ತ. ಅದಕ್ಕೂ ಒಂದು ಆನ್‌ಟ್ರಾಗ್ ಇದೆ ಕಂದಾ ಅಂತ ಅವರಪ್ಪ ಸಮಾಧಾನ ಮಾಡಿದರು.