ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮ್: ಸೀಸನ್ನಿನ ಮೊದಲ ಆರು ವಾರ ಕೋಚ್ ಏನು ಮಾಡಬೇಕು

ಸೀಸನ್ ಶುರುವಾದ ಕೂಡಲೇ ಹುಡುಗರು ಕೇಳೋದು ಒಂದೇ: "ಸಾರ್, ಮೊದಲ ಮ್ಯಾಚ್ ಯಾವಾಗ?" ಆ ಆಸೆ ಇರಲೇಬೇಕು. ಆದರೆ ಕೋಚ್ ಆದವರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿರಬೇಕು. ನಮ್ಮಲ್ಲಿ ಅಂತರ ಕಾಲೇಜು ಟೂರ್ನಿಗಳು ಹೆಚ್ಚಾಗಿ ನಾಕೌಟ್. ಒಂದು ಸೋಲು, ಬ್ಯಾಗ್ ಎತ್ತಿಕೊಂಡು ಬಸ್ ಹತ್ತೋದೇ. ಅಮೆರಿಕದ ಕಾಲೇಜು ಟೀಮುಗಳಿಗೆ ನವೆಂಬರ್‌ನಿಂದ ಮಾರ್ಚ್ ತನಕ ಸುಮಾರು 30 ಮ್ಯಾಚ್ ಸಿಗುತ್ತವೆ. ಅವರು ಮ್ಯಾಚ್ ಆಡುತ್ತಲೇ ಕಲಿಯಬಹುದು. ನಮಗೆ ಆ ಅವಕಾಶ ಇಲ್ಲ, ಕಲಿಯೋದೆಲ್ಲ ಟೂರ್ನಿಗೆ ಮುಂಚೆಯೇ ಮುಗಿಯಬೇಕು.

ಹಾಗಂತ ಸಿಕ್ಕಿದ್ದನ್ನೆಲ್ಲ ಕಲಿಸೋಕೆ ಹೋಗಬೇಡಿ. ನಾನು ಹೇಳೋದು ಇಷ್ಟೇ: ಕಡಿಮೆ ಕಲಿಸಿ, ಕಲಿಸಿದ್ದನ್ನು ಹುಡುಗರು ಉಸಿರು ಕಟ್ಟಿ ಸುಸ್ತಾದಾಗಲೂ ಮಾಡುವ ಹಾಗೆ ಮಾಡಿ. ನಾಲ್ಕನೇ ಕ್ವಾರ್ಟರಿನಲ್ಲಿ ಕೈಗೆ ಬರೋದು ಅದೊಂದೇ.

ಬಾಲ್ ಮುಟ್ಟುವ ಮುಂಚೆ ಕಾಲೇಜಿನ ಕ್ಯಾಲೆಂಡರ್ ಹಿಡಿದು ಕೂತುಕೊಳ್ಳಿ. ಇಂಟರ್ನಲ್ಸ್ ಯಾವ ವಾರ, ಲ್ಯಾಬ್ ಎಷ್ಟು ಗಂಟೆಗೆ ಮುಗಿಯುತ್ತೆ, ಫಸ್ಟ್ ಇಯರ್ ಹುಡುಗರು ಕೌನ್ಸೆಲಿಂಗ್ ಮುಗಿಸಿ ಯಾವಾಗ ಬರ್ತಾರೆ, ಇದೆಲ್ಲ ಒಂದೇ ಹಾಳೆಯಲ್ಲಿ ಇರಲಿ. ಹೊರಾಂಗಣ ಕೋರ್ಟ್ ಆದರೆ ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಒದ್ದೆ ಸಿಮೆಂಟಿನ ಮೇಲೆ ಯಾವ ಕಾರಣಕ್ಕೂ ಓಡಿಸಬೇಡಿ. ಮಳೆ ದಿನಕ್ಕೆ ಅಂತ ಕಾರಿಡಾರಿನಲ್ಲೋ ಆಡಿಟೋರಿಯಂನಲ್ಲೋ ಮಾಡುವ ಕೆಲಸ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ: ಸ್ಕ್ವಾಟ್, ಪ್ಲ್ಯಾಂಕ್, ಗೋಡೆಗೆ ಪಾಸ್, ಜಾಗದಲ್ಲೇ ಡಿಫೆನ್ಸ್ ಸ್ಲೈಡ್ (ಬಗ್ಗಿ ನಿಂತು ಪಕ್ಕಕ್ಕೆ ಸರಿಯೋದು). ಎಲಿಜಿಬಿಲಿಟಿ ಫಾರಂಗೆ ಬೇಕಾದ ಮಾರ್ಕ್ಸ್ ಕಾರ್ಡ್, ಫೋಟೋ, ಪ್ರಿನ್ಸಿಪಾಲರ ಸಹಿ ಮೊದಲ ವಾರದಲ್ಲೇ ತಗೊಂಡುಬಿಡಿ. ಒಳ್ಳೆ ಆಟಗಾರ ಒಂದು ಕಾಗದಕ್ಕೋಸ್ಕರ ಬೆಂಚಿನ ಹಿಂದೆ ನಿಂತು ಮ್ಯಾಚ್ ನೋಡೋದು ಯಾರಿಗೂ ಬೇಡ.

ಸೆಲೆಕ್ಷನ್ ದಿನ ಲೇಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್) ಲೈನ್ ಹಾಕಿಸಿ ನೋಡಿದರೆ ಏನೂ ಗೊತ್ತಾಗೋದಿಲ್ಲ. ಖಾಲಿ ಕೋರ್ಟಿನಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣ್ತಾರೆ. ಮೂರು ಮೂರು ಜನರ ಆಟ ಆಡಿಸಿ, ಡ್ರಿಬಲ್ ಮಾಡೋ ಹಾಗಿಲ್ಲ ಅನ್ನಿ. ಆಗ ಯಾರು ಪಾಸ್ ಕೊಟ್ಟು ಸುಮ್ನೆ ನಿಲ್ತಾರೆ, ಯಾರು ಓಡಿ ಜಾಗ ಮಾಡಿಕೊಳ್ತಾರೆ ಅನ್ನೋದು ಐದೇ ನಿಮಿಷದಲ್ಲಿ ಕಾಣುತ್ತೆ. ಬಾಲ್ ಕಳಕೊಂಡ ಮರುಕ್ಷಣ ಹುಡುಗ ಏನು ಮಾಡ್ತಾನೆ ಅಂತಲೂ ನೋಡಿ. ತಲೆ ಕೆಳಗೆ ಹಾಕಿ ನಿಲ್ತಾನಾ, ರೆಫ್ರಿ ಕಡೆ ಕೈ ಎತ್ತುತ್ತಾನಾ, ಇಲ್ಲ ತಿರುಗಿ ಓಡ್ತಾನಾ? ನನ್ನ ಮಟ್ಟಿಗೆ ತಿರುಗಿ ಓಡೋನು, ಮೂರು ಪಾಯಿಂಟ್ ಚೆನ್ನಾಗಿ ಹಾಕೋನಿಗಿಂತ ಮೇಲು. ಶಾಟ್ ತಿದ್ದಬಹುದು, ತಲೆ ಕೆಳಗೆ ಹಾಕಿ ನಿಲ್ಲೋ ಸ್ವಭಾವ ತಿದ್ದೋಕೆ ವರ್ಷಗಳೇ ಬೇಕು.

ಇನ್ನೊಂದು ಮಾತು. ಹಾಸ್ಟೆಲ್ಲಿನಲ್ಲಿ ವಾಲಿಬಾಲ್, ಕಬಡ್ಡಿ ಆಡುವ ಗಟ್ಟಿ ಹುಡುಗರನ್ನೂ ಕರೆದು ನೋಡಿ. ಕಬಡ್ಡಿ ಹುಡುಗನಿಗೆ ಬಗ್ಗಿ ನಿಂತು ಪಕ್ಕಕ್ಕೆ ಸರಿಯೋದು ಮೊದಲೇ ಬರುತ್ತೆ, ಡಿಫೆನ್ಸಿನ ಅರ್ಧ ಕೆಲಸ ಅದೇ. ಮ್ಯಾಚಿಗೆ 12 ಜನರ ಹೆಸರು ಕೊಡಬಹುದು, ಆದರೆ ಪ್ರಾಕ್ಟೀಸಿಗೆ 15 ಜನರನ್ನು ಇಟ್ಟುಕೊಳ್ಳಿ, ಒಬ್ಬರಲ್ಲ ಒಬ್ಬರಿಗೆ ಜ್ವರ, ಕಾಲು ಉಳುಕು, ಬ್ಯಾಕ್‌ಲಾಗ್ ಅಂತ ಇದ್ದೇ ಇರುತ್ತೆ. ಕೈಬಿಟ್ಟ ಹುಡುಗರಿಗೆ ನೋಟಿಸ್ ಬೋರ್ಡಿನಲ್ಲಿ ಗೊತ್ತಾಗಬಾರದು. ಪಕ್ಕಕ್ಕೆ ಕರೆದು, ಯಾಕೆ ಅಂತ ಹೇಳಿ, ಮುಂದಿನ ವರ್ಷಕ್ಕೆ ಏನು ತಯಾರಿ ಬೇಕು ಅಂತ ಹೇಳಿ ಕಳಿಸಿ.

ಮೊದಲ ಎರಡು ವಾರ ಕಾಲುಗಳದ್ದು. ರಜೆ ಮುಗಿಸಿ ಬಂದ ಹುಡುಗರನ್ನು ಮೊದಲ ದಿನವೇ ಸಿಮೆಂಟ್ ಕೋರ್ಟಿನಲ್ಲಿ ಎರಡು ಗಂಟೆ ಹಾರಿಸಿದರೆ ಮೂರನೇ ವಾರಕ್ಕೆ ಅರ್ಧ ಟೀಮು ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋವು ಅಂತ ಕೂತಿರುತ್ತೆ. ಹಾರುವ ಕೆಲಸ ದಿನ ಬಿಟ್ಟು ದಿನ ಇರಲಿ. ಮೊದಲು ಇಳಿಯೋದು ಕಲಿಸಿ: ಎರಡೂ ಪಾದ, ಮಂಡಿ ಬಗ್ಗಿ, ಮಂಡಿ ಒಳಗೆ ವಾಲದ ಹಾಗೆ. ಗ್ರೌಂಡಿಗೆ ಹತ್ತು ರೌಂಡ್ ಓಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರಿಂದ ದಮ್ಮು ಬರುತ್ತೆ, ನಿಜ. ಆದರೆ ಈ ಆಟದಲ್ಲಿ ಒಂದೇ ವೇಗದ ಓಟ ಎಲ್ಲಿದೆ ಹೇಳಿ? ಓಡು, ನಿಲ್ಲು, ತಿರುಗು, ಮತ್ತೆ ಓಡು. ಅದಕ್ಕೆ ಕೋರ್ಟಿನ ಅಗಲದಲ್ಲೇ ಓಡಿಸಿ. ಅಗಲ 15 ಮೀಟರ್, ಗೆರೆಯಿಂದ ಗೆರೆಗೆ 17 ಸಲ ಅಂದರೆ 255 ಮೀಟರ್. ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಮೊದಲ ವಾರ ಒಂದು ಸಲ ಸಾಕು, ಆಮೇಲೆ ನಡುವೆ ಪೂರಾ ವಿಶ್ರಾಂತಿ ಕೊಟ್ಟು ಎರಡು, ಮೂರು ಮಾಡಿ.

ಶೂ ಕಡೆಗೂ ನೋಡಿ. ಸಿಮೆಂಟ್ ಕೋರ್ಟು ಶೂಗಳನ್ನು ತಿಂದುಹಾಕುತ್ತೆ, ತಳ ನುಣ್ಣಗಾದ ಶೂ ಹಾಕಿಕೊಂಡೇ ಎಷ್ಟೋ ಹುಡುಗರು ಆಡ್ತಿರ್ತಾರೆ. ಅಮೆರಿಕದ ಯುಸಿಎಲ್‌ಎ (ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಟೀಮಿಗೆ 1964ರಿಂದ 1975ರ ನಡುವೆ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಕೋಚ್ ಜಾನ್ ವುಡನ್, ಸೀಸನ್ ಶುರುವಿನಲ್ಲಿ ಆಟಗಾರರಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಸಾಕ್ಸ್ ಹಾಕಿಕೊಳ್ಳುವ ರೀತಿಯನ್ನು. ಸುಕ್ಕು ಬಿದ್ದರೆ ಬೊಬ್ಬೆ, ಬೊಬ್ಬೆ ಎದ್ದರೆ ಪ್ರಾಕ್ಟೀಸ್ ಇಲ್ಲ. ಅಷ್ಟು ದೊಡ್ಡ ಕೋಚು ಅಷ್ಟು ಸಣ್ಣ ವಿಷಯಕ್ಕೆ ಸಮಯ ಕೊಟ್ಟರು ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ಡಿಫೆನ್ಸ್. ಇಲ್ಲಿ ಸಮಯ ಧಾರಾಳವಾಗಿ ಖರ್ಚು ಮಾಡಿ. ಒಂದೇ ಒಂದು ಡ್ರಿಲ್ ಆರಿಸಿಕೊಳ್ಳಿ ಅಂದರೆ ನಾನು ಶೆಲ್ ಡ್ರಿಲ್ ಅನ್ನುತ್ತೇನೆ. ನಾಲ್ಕು ಜನ ಮೂರು ಪಾಯಿಂಟ್ ಗೆರೆಯ ಹೊರಗೆ, ಇಬ್ಬರು ಮೇಲೆ, ಇಬ್ಬರು ಮೂಲೆಗಳ ಕಡೆ. ಅವರ ಮೇಲೆ ನಾಲ್ಕು ಜನ ಡಿಫೆನ್ಸ್. ಮೊದಲು ಶಾಟ್ ಇಲ್ಲ, ಡ್ರಿಬಲ್ ಇಲ್ಲ, ಬರೀ ಪಾಸ್. ಪ್ರತಿ ಪಾಸಿಗೂ ನಾಲ್ಕೂ ಡಿಫೆಂಡರುಗಳು ಬಾಲ್ ಗಾಳಿಯಲ್ಲಿರುವಾಗಲೇ ಜಾಗ ಬದಲಿಸಬೇಕು, ಬಾಲ್ ಕೈ ಸೇರಿದ ಮೇಲಲ್ಲ. ಬಾಲ್ ಹಿಡಿದವನ ಮೇಲಿರೋನು ಒಂದು ತೋಳಿನ ದೂರದಲ್ಲಿ. ಪಕ್ಕದವನನ್ನು ಕಾಯೋನು ಪಾಸಿನ ದಾರಿಗೆ ಒಂದು ಕೈ ಚಾಚಿ. ಆ ಕಡೆ ದೂರದಲ್ಲಿರೋನನ್ನು ಕಾಯೋನು ಮಾತ್ರ ತನ್ನ ಆಟಗಾರನನ್ನು ಬಿಟ್ಟು ಕೀ (ರಿಂಗಿನ ಮುಂದೆ ಗೆರೆ ಹಾಕಿದ ಆಯತದ ಜಾಗ) ಒಳಗೆ ಒಂದು ಕಾಲು ಇಡಬೇಕು, ಒಂದು ಕಣ್ಣು ಬಾಲ್ ಮೇಲೆ, ಇನ್ನೊಂದು ತನ್ನವನ ಮೇಲೆ. ಹುಡುಗರಿಗೆ ಕಷ್ಟ ಆಗೋದು ಇದೇ. ತನ್ನವನನ್ನು ಬಿಟ್ಟು ಬರೋಕೆ ಹೆದರ್ತಾರೆ.

ಎರಡು ದಿನ ಇದಾದ ಮೇಲೆ ಡ್ರಿಬಲ್ ಬಿಡಿ. ಒಬ್ಬ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಯಿಂದ ನುಗ್ಗಲಿ, ಆ ಕಡೆಯವನು ಬಂದು ಅಡ್ಡ ನಿಲ್ಲಲಿ, ಮೇಲಿನವನು ಕೆಳಗಿಳಿದು ಅವನ ಆಟಗಾರನನ್ನು ಹಿಡಿಯಲಿ. ನಿಧಾನಕ್ಕೆ ನಡೆದು ತೋರಿಸಿ, ಆಮೇಲೆ ಓಡಿಸಿ. ಮತ್ತೆ ಬಾಯಿ! ಬಾಯಿ ಮುಚ್ಚಿಕೊಂಡು ಡಿಫೆನ್ಸ್ ಮಾಡೋಕಾಗಲ್ಲ. "ಬಾಲ್ ನಂದು", "ಹಿಂದೆ ಇದ್ದೀನಿ", "ಎಡಕ್ಕೆ ಸ್ಕ್ರೀನ್" (ಅಂದರೆ ಎದುರಾಳಿ ನಿನ್ನ ದಾರಿಗೆ ಅಡ್ಡ ನಿಂತಿದ್ದಾನೆ), ಯಾವ ಭಾಷೆಯಲ್ಲಿ ಬಾಯಿಗೆ ಬೇಗ ಬರುತ್ತೋ ಅದರಲ್ಲೇ ಕೂಗಲಿ, ಆದರೆ ಎಲ್ಲರೂ ಅದೇ ಪದ ಬಳಸಲಿ. ಫಸ್ಟ್ ಇಯರ್ ಹುಡುಗ ಸೀನಿಯರ್‌ಗೆ "ಅಣ್ಣಾ" ಅಂತ ಶುರು ಮಾಡುವಷ್ಟರಲ್ಲಿ ಲೇಅಪ್ ಬಿದ್ದಿರುತ್ತೆ. ಕೋರ್ಟಿನ ಒಳಗೆ ಹೆಸರು ಹಿಡಿದು ಕೂಗೋಕೆ ಸೀನಿಯರ್‌ಗಳೇ ಹೇಳಲಿ, ನೀವು ಹೇಳಿದರೆ ಜೂನಿಯರ್‌ಗಳಿಗೆ ಧೈರ್ಯ ಬರಲ್ಲ.

ಕೈ ಹಾಕುವ ಚಟ ಮೊದಲೇ ಬಿಡಿಸಿ. ಒಂದು ಕ್ವಾರ್ಟರಿನಲ್ಲಿ ಟೀಮಿನ ಫೌಲ್ ನಾಲ್ಕು ದಾಟಿತು ಅಂದರೆ ಐದನೆಯದರಿಂದ ಡಿಫೆನ್ಸಿನ ಪ್ರತಿ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ. ಆಟಗಾರನಿಗೆ ಐದು ಫೌಲ್ ಆದರೆ ಹೊರಗೆ. ಆದ್ದರಿಂದ ಪ್ರಾಕ್ಟೀಸಿನಲ್ಲೂ ಸೀಟಿ ಊದಿ. "ಏ ಆಡ್ಸಿ ಸಾರ್" ಅಂತಾರೆ, ಬಿಡಬೇಡಿ.

ಅಟ್ಯಾಕಿಗೆ ಹತ್ತು ಪ್ಲೇ (ಮೊದಲೇ ಗೊತ್ತು ಮಾಡಿದ ಆಟದ ನಡೆ) ಬೋರ್ಡಿನ ಮೇಲೆ ಬರೆಯೋದು ಬೇಡ. ಐದೂ ಜನ ಗೆರೆಯ ಹೊರಗೆ ನಿಂತು ಪಾಸ್ ಮಾಡು, ರಿಂಗ್ ಕಡೆ ಕಟ್ ಮಾಡು, ಖಾಲಿಯಾದ ಜಾಗಕ್ಕೆ ಪಕ್ಕದವನು ಬಾ. ಇಷ್ಟು ಸಾಕು. ಜೊತೆಗೆ ಬೇಸ್‌ಲೈನಿನಿಂದ ಒಂದು, ಸೈಡ್‌ಲೈನಿನಿಂದ ಒಂದು ಥ್ರೋ-ಇನ್ ಪ್ಲೇ. ಪ್ರೆಸ್ (ಎದುರಾಳಿಗಳು ಹಿಂದೆ ಸರಿಯದೆ ನಮ್ಮ ಅರ್ಧದಲ್ಲೇ ಬಾಲ್ ಮೇಲೆ ಒತ್ತಡ ಹಾಕೋದು) ಬಿಡಿಸಿಕೊಳ್ಳೋದನ್ನು ಮಾತ್ರ ಮೂರನೇ ವಾರ ದಾಟಿಸಬೇಡಿ. ಸೀಸನ್ ಶುರುವಿನ ಮ್ಯಾಚುಗಳು ಕೈ ಜಾರೋದು ಹೆಚ್ಚಾಗಿ ಅಲ್ಲೇ. ಎದುರು ಟೀಮು ಪೂರಾ ಕೋರ್ಟ್ ಪ್ರೆಸ್ ಹಾಕುತ್ತೆ, ನಮ್ಮ ಗಾರ್ಡ್ (ಬಾಲ್ ಮುಂದಕ್ಕೆ ತರುವ ಆಟಗಾರ) ಒಬ್ಬನೇ ಡ್ರಿಬಲ್ ಮಾಡಿಕೊಂಡು ಮೂಲೆಗೆ ಹೋಗಿ ಸಿಕ್ಕಿಹಾಕಿಕೊಳ್ತಾನೆ, ಎಂಟು ಸೆಕೆಂಡಿನಲ್ಲಿ ಅರ್ಧ ಗೆರೆ ದಾಟಬೇಕು ಅನ್ನೋದು ಮರೆತೇ ಹೋಗುತ್ತೆ. ಎತ್ತರದ ಹುಡುಗನನ್ನು ಕೋರ್ಟಿನ ನಡುವೆ ನಿಲ್ಲಿಸಿ ಬಾಲ್ ಅವನ ಕೈಗೆ ಹೋಗಲಿ, ಅವನು ತಿರುಗಿ ಮುಂದಕ್ಕೆ ಕೊಡಲಿ. ಪ್ರಾಕ್ಟೀಸಿನಲ್ಲಿ ಐವರ ಮೇಲೆ ಏಳು ಜನ ಬಿಟ್ಟು ಪ್ರೆಸ್ ಹಾಕಿಸಿ. ಏಳು ಜನರನ್ನು ದಾಟಿದವರಿಗೆ ಐದು ಜನ ಕಡಿಮೆ ಅನ್ನಿಸ್ತಾರೆ. ಎಲ್ಲ ಕೋರ್ಟಿನಲ್ಲೂ ಶಾಟ್ ಕ್ಲಾಕ್ (ಶಾಟ್ ಹಾಕೋಕೆ ಉಳಿದ ಸಮಯ ತೋರಿಸುವ ಗಡಿಯಾರ) ಇರೋದಿಲ್ಲ, ನೀವೇ ಸೈಡಿನಿಂದ 24 ಸೆಕೆಂಡ್ ಜೋರಾಗಿ ಎಣಿಸಿ. ಅಟ್ಯಾಕಿನಲ್ಲಿ ರಿಬೌಂಡ್ (ರಿಂಗಿಗೆ ಬಡಿದು ವಾಪಸ್ ಬಂದ ಬಾಲ್) ಸಿಕ್ಕಿದರೆ 14.

ಫ್ರೀ ಥ್ರೋ ಬಗ್ಗೆ ನನಗೆ ಒಂದು ಹಠ ಇದೆ. ಪ್ರಾಕ್ಟೀಸ್ ಮುಗಿದ ಮೇಲೆ ಹರಟೆ ಹೊಡೆಯುತ್ತಾ ಐವತ್ತು ಹಾಕಿದರೆ ಅದು ಲೆಕ್ಕಕ್ಕಿಲ್ಲ. ಮ್ಯಾಚಿನಲ್ಲಿ ಒಂದೇ ಸಲಕ್ಕೆ ಐವತ್ತು ಯಾರು ಕೊಡ್ತಾರೆ? ಸಿಗೋದು ಎರಡು, ಅದೂ ಎದೆ ಡವಗುಟ್ಟುವಾಗ. ಹಾಗಾಗಿ ಪ್ರತಿ ಓಟದ ಬೆನ್ನಿಗೇ ಎರಡು ಫ್ರೀ ಥ್ರೋ ಹಾಕಿಸಿ, ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯಿರಿ. ಎಲ್ಲರೂ ಗೆರೆಯ ಪಕ್ಕ ನಿಂತು ನೋಡುತ್ತಿರಲಿ. ಗೆರೆಗೆ ಬಂದ ಮೇಲೆ ಒಂದು ದೀರ್ಘ ಉಸಿರು, ಮೂರು ಸಲ ಬಾಲ್ ತಟ್ಟಿ, ಕಣ್ಣು ರಿಂಗಿನ ಮೇಲೆ, ಶಾಟ್. ದಿನಾ ಅದೇ, ಮಳೆ ಬಂದರೂ ಅದೇ. ನಾಲ್ಕನೇ ವಾರದ ಹೊತ್ತಿಗೆ ಕೊನೆಯ ಎರಡು ನಿಮಿಷಕ್ಕೆ ಬಾಲ್ ಯಾರ ಕೈಯಲ್ಲಿರಬೇಕು ಅಂತ ಆ ಪುಸ್ತಕವೇ ಹೇಳುತ್ತೆ.

ನಾಲ್ಕನೇ ವಾರದಿಂದ ಫ್ರೆಂಡ್ಲಿ ಮ್ಯಾಚ್. ನಿಮಗಿಂತ ಬಲವಾದವರ ಹತ್ತಿರವೇ ಕೇಳಿ. ಹಳೆ ವಿದ್ಯಾರ್ಥಿಗಳು, ಊರಿನ ಕ್ಲಬ್ಬು, ಯಾರಾದರೂ ಸರಿ. ಬೆಂಗಳೂರು, ಮೈಸೂರು, ಮಂಡ್ಯ, ಮಂಗಳೂರಿನ ಕಡೆ ಕ್ಲಬ್ ಆಟಗಾರರು ಸಿಗುತ್ತಾರೆ, ಮೂವತ್ತು ದಾಟಿದ ಅವರು ಓಡದೆಯೇ ನಿಮ್ಮ ಹುಡುಗರನ್ನು ಕೂರಿಸಿ ಎಬ್ಬಿಸುತ್ತಾರೆ. ಅದು ಒಳ್ಳೆಯ ಪಾಠ. ಪ್ರತಿ ಕ್ವಾರ್ಟರಿಗೆ ಒಂದು ಕೆಲಸ ಕೊಡಿ. ಮೊದಲ ಹತ್ತು ನಿಮಿಷ ಬರೀ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬನೂ ಒಬ್ಬೊಬ್ಬ ಎದುರಾಳಿಯನ್ನು ಕಾಯೋದು), ಎರಡನೆಯದರಲ್ಲಿ ಬೆಂಚಿನವರೇ ಐದು ಜನ, ಮೂರನೆಯದರಲ್ಲಿ ನಿಮ್ಮ ಮುಖ್ಯ ಗಾರ್ಡನ್ನು ಕೂರಿಸಿ ಟೀಮು ಹೇಗೆ ನಿಲ್ಲುತ್ತೆ ನೋಡಿ. ಕೊನೆಯದನ್ನು ಗೆಲ್ಲೋಕೆ ಆಡಿ.

ಗಾಯ ಆಗಿ ಕೂತ ಹುಡುಗನ ಕೈಗೆ ಪೆನ್ನು ಕೊಡಿ. ಅವನು ನಾಲ್ಕೇ ವಿಷಯ ಬರೆಯಲಿ: ನಾವು ಸುಮ್ನೆ ಕಳಕೊಂಡ ಬಾಲ್, ಅವರಿಗೆ ಬಿಟ್ಟುಕೊಟ್ಟ ಅಟ್ಯಾಕ್ ರಿಬೌಂಡ್, ಫ್ರೀ ಥ್ರೋ, ಮತ್ತೆ ಎಲ್ಲಿಂದ ಎಷ್ಟು ಶಾಟ್. ಶಾಟಿನ ಲೆಕ್ಕ ಹುಡುಗರ ಮುಂದೆ ಇಡಿ. ಮೂರು ಪಾಯಿಂಟ್ ಗೆರೆಯ ಹೊರಗಿಂದ 20 ಹಾಕಿ 6 ಬಿದ್ದರೆ 18 ಪಾಯಿಂಟ್. ರಿಂಗ್ ಹತ್ತಿರದಿಂದ 20 ಹಾಕಿ 10 ಬಿದ್ದರೆ 20, ಮೇಲಿಂದ ಫೌಲ್ ಸಿಗೋ ಅವಕಾಶ ಬೇರೆ. 6.75 ಮೀಟರ್ ದೂರದಿಂದ ಹಾಕುವ ಆಸೆ ಟಿವಿ ನೋಡಿ ಬಂದದ್ದು, ಅದನ್ನು ಬೈದು ಬಿಡಿಸೋಕಾಗಲ್ಲ, ಲೆಕ್ಕ ತೋರಿಸಿದರೆ ತಾವೇ ಕಡಿಮೆ ಮಾಡ್ತಾರೆ. ಅದೇ ದೂರದಿಂದ ಹತ್ತಕ್ಕೆ ನಾಲ್ಕು ಹಾಕೋನಿದ್ದರೆ ಅವನಿಗೆ ಬಿಡಿ, ಅವನಿಗೋಸ್ಕರ ಸ್ಕ್ರೀನೂ ಹಾಕಿಸಿ.

ಫ್ರೆಂಡ್ಲಿಯಲ್ಲಿ ಸೋತ ಸಂಜೆ ಭಾಷಣ ಬೇಡ. ನೀರು ಕುಡಿದು, ಬಾಳೆಹಣ್ಣು ತಿಂದು ಮನೆಗೆ ಹೋಗಲಿ. ಮರುದಿನ ಆ ನಾಲ್ಕು ಲೆಕ್ಕ ಇಟ್ಟು ಮಾತಾಡಿ. ಟೈಮ್ ಔಟಿಗೂ ಇದೇ ನಿಯಮ: ಮೊದಲರ್ಧದಲ್ಲಿ ಎರಡು, ಎರಡನೇ ಅರ್ಧದಲ್ಲಿ ಮೂರು ಸಿಗುತ್ತೆ, ಪ್ರತಿಯೊಂದೂ ಒಂದು ನಿಮಿಷ. ಅದರಲ್ಲಿ ಅರ್ಧ ಉಸಿರು ತಗೊಳ್ಳೋಕೆ ಬಿಡಿ. ಉಳಿದದ್ದರಲ್ಲಿ ಒಂದೇ ಮಾತು ಹೇಳಿ.

ಹುಡುಗಿಯರ ಟೀಮಿನ ಬಗ್ಗೆ ಒತ್ತಿ ಹೇಳಬೇಕು. ಎಷ್ಟೋ ಕಾಲೇಜಿನಲ್ಲಿ ಹುಡುಗರು ಆಡಿ ಬಿಟ್ಟ ಅರ್ಧ ಗಂಟೆ ಅವರದ್ದು, ಬಾಲ್ ಕೂಡ ಹುಡುಗರ 7ನೇ ಸೈಜಿನದ್ದೇ. ಮ್ಯಾಚಿನಲ್ಲಿ ಅವರು ಆಡಬೇಕಾದ್ದು 6ನೇ ಸೈಜು. ಪ್ರಾಕ್ಟೀಸಿನಲ್ಲಿ ಬೇರೆ ಬಾಲ್ ಕೊಟ್ಟು ಶಾಟ್ ಬೀಳಲ್ಲ ಅಂದರೆ ಹೇಗೆ? ಅವರಿಗೆ ವಾರದಲ್ಲಿ ಪೂರಾ ಕೋರ್ಟಿನ ದಿನ ಗೊತ್ತು ಮಾಡಿ, ಕತ್ತಲಾಗುವ ಮುಂಚೆ ಮುಗಿಸಿ, ಇಲ್ಲ ಹಾಸ್ಟೆಲ್ಲು ಬಸ್ ಸ್ಟಾಪಿನ ತನಕ ಜೊತೆ ಇರುವ ವ್ಯವಸ್ಥೆ ಮಾಡಿ. ಅಷ್ಟು ಮಾಡಿದರೆ ಮನೆಯವರು ಕಳಿಸ್ತಾರೆ.

ಐದನೇ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರ ಕೆಲಸ ಏನು ಅಂತ ಸ್ಪಷ್ಟವಾಗಿ ಹೇಳಿ. "ನೀನು ಬೆಂಚಿನಿಂದ ಬರ್ತೀಯ, ಐದು ನಿಮಿಷ ಅವರ ಮುಖ್ಯ ಗಾರ್ಡ್ ಉಸಿರಾಡಬಾರದು, ಅಷ್ಟೇ ನಿನ್ನ ಕೆಲಸ." ಗೊತ್ತಿದ್ದರೆ ಹುಡುಗ ಬೆಂಚಿನಲ್ಲಿ ಕೂತು ಆ ಗಾರ್ಡನ್ನೇ ನೋಡುತ್ತಿರುತ್ತಾನೆ. ಗೊತ್ತಿಲ್ಲದಿದ್ದರೆ ಗಡಿಯಾರ ನೋಡುತ್ತಿರುತ್ತಾನೆ.

ಆರನೇ ವಾರ ಪ್ರಾಕ್ಟೀಸ್ ಅರ್ಧಕ್ಕೆ ಇಳಿಸಿ. ಹೊಸದೇನೂ ಇಲ್ಲ. ಶೆಲ್, ಪ್ರೆಸ್, ಥ್ರೋ-ಇನ್, ಫ್ರೀ ಥ್ರೋ, ಮನೆಗೆ. ಮ್ಯಾಚಿನ ದಿನ ಊಟ ಮೂರು ಗಂಟೆ ಮುಂಚೆ ಮುಗಿದಿರಲಿ. ಆಟ ಶುರುವಾಗೋಕೆ 40 ನಿಮಿಷ ಮುಂಚೆ ಹೆಸರು, ಜರ್ಸಿ ನಂಬರ್ ಸ್ಕೋರರ್ ಕೈಗೆ ಹೋಗಬೇಕು, 10 ನಿಮಿಷ ಮುಂಚೆ ಮೊದಲ ಐವರನ್ನು ಗುರುತು ಮಾಡಿ ಸಹಿ ಹಾಕಬೇಕು. ಆದ್ದರಿಂದ ಬಸ್ಸು ಒಂದೂವರೆ ಗಂಟೆ ಮುಂಚೆ ತಲುಪುವ ಹಾಗೆ ಹೊರಡಿ, ಸಹಿ ಹಾಕುವ ಮುಂಚೆ ಜರ್ಸಿ ನಂಬರುಗಳನ್ನು ಕ್ಯಾಪ್ಟನ್ ಜೊತೆ ಇನ್ನೊಮ್ಮೆ ಓದಿ ನೋಡಿ.