ಯಾವ ಪುಟಕ್ಕೆ ಪುಸ್ತಕ ಮುಚ್ಚಿದಿರಿ?

ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಏಳು ಜನ ಸೇರುತ್ತೇವೆ. ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಸಂಜೆ ಅಂದರೆ ಏಳೂವರೆ ಮೇಲೆ. ಬೇಸಿಗೆಯಲ್ಲಿ ಅದಕ್ಕಿಂತ ಮುಂಚೆ ಮಾಳಿಗೆ ಹತ್ತಿದರೆ ರೊಟ್ಟಿ ಹಂಚಿನ ಮೇಲೆ ಕಾಲಿಟ್ಟ ಹಾಗೇ. ನನಗೆ ಬ್ಯಾಂಕಿನ ಕೆಲಸ, ಇಂಗ್ಲಿಷ್ ಕಾದಂಬರಿ ಓದುವ ಚಟ. ಉಳಿದವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಇಲ್ಲ. ಹಾಗಾಗಿ ನಾನು ಓದಿಕೊಂಡು ಬಂದು ವಾರಕ್ಕಿಷ್ಟು ಕನ್ನಡದಲ್ಲಿ ಕತೆ ಹೇಳುತ್ತೇನೆ. ಬೇಕಾದ ಪುಟಗಳನ್ನು ಅನುವಾದ ಮಾಡಿ ಓದುತ್ತೇನೆ. ಚಹಾ, ಚುರಮುರಿ ನಮ್ಮ ಮನೆಯದು. ಜಗಳ ಅವರದು.

ಜಗಳ ನಿಜವಾಗಿ ಜೋರಾದದ್ದು ಒಂದೇ ಪುಸ್ತಕಕ್ಕೆ.

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೆ ಪುಸ್ತಕ ಹರಡಿರುತ್ತಾರಲ್ಲ, ಅಲ್ಲಿ ಮೂರು ದಪ್ಪ ಪುಸ್ತಕ ಒಂದೇ ದಾರದಲ್ಲಿ ಕಟ್ಟಿ ಇಟ್ಟಿದ್ದರು. ಸ್ಟೀಫನ್ ಡೊನಾಲ್ಡ್‌ಸನ್ ಬರೆದ ಥಾಮಸ್ ಕವನೆಂಟ್ ಸರಣಿ. ಮಾಟ, ದೈತ್ಯರು, ಮಾತು ತಿಳಿಯುವ ಕುದುರೆಗಳು ಇರುವ ಕಲ್ಪನಾ ಲೋಕದ ಕತೆ. ಮೊದಲ ಮೂರೂ ಪುಸ್ತಕ 1977ರಲ್ಲೇ ಬಂದವು. 2013ರ ಹೊತ್ತಿಗೆ ಒಟ್ಟು ಹತ್ತಾದವು. ನಾಯಕ ಒಬ್ಬ ಅಮೆರಿಕದ ಲೇಖಕ. ಅವನಿಗೆ ಕುಷ್ಠರೋಗ. ಬಲಗೈಯ ಎರಡು ಬೆರಳು ಹೋಗಿವೆ, ಹೆಂಡತಿ ಮಗುವನ್ನು ಕರೆದುಕೊಂಡು ಬಿಟ್ಟು ಹೋಗಿದ್ದಾಳೆ. ಬಿದ್ದು ಎಚ್ಚರ ತಪ್ಪಿದವನು ಕಣ್ಣು ಬಿಟ್ಟರೆ ಬೇರೊಂದು ಲೋಕ. ಅಲ್ಲಿಯವರಿಗೆ ಇವನೇ ದಿಕ್ಕು. ಇವನೋ, ಇದೆಲ್ಲ ಕನಸು, ನಾನು ನಂಬೋದಿಲ್ಲ ಅಂತ ಹಟ ಹಿಡಿದು ಕೂರುತ್ತಾನೆ.

ಈ ಪುಸ್ತಕ ಆರಿಸೋದಕ್ಕೆ ನನಗೆ ಒಂದು ಸ್ವಾರ್ಥ ಇತ್ತು. ನಮ್ಮ ಗುಂಪಿನಲ್ಲಿ ಒಬ್ಬ ಕಾಕಾ ಇದ್ದಾರೆ. ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆ ಮೂವತ್ತು ವರ್ಷ ಕುಷ್ಠರೋಗದ ಕೆಲಸದಲ್ಲಿ ಊರೂರು ತಿರುಗಿ ನಿವೃತ್ತರಾದವರು. ಡೊನಾಲ್ಡ್‌ಸನ್ ತಂದೆ ಕೂಡ ಭಾರತದಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಡಾಕ್ಟರು. ಲೇಖಕ ಮೂರು ವರ್ಷದ ಮಗುವಾಗಿದ್ದಾಗ ಇಲ್ಲಿಗೆ ಬಂದು ಹದಿನಾರರವರೆಗೆ ಇಲ್ಲೇ ಬೆಳೆದ. ಕಾಕಾ ಏನಂತಾರೆ ನೋಡೋಣ ಅಂತ ಆಸೆ.

ಮೊದಲ ಭಾನುವಾರ ಚೆನ್ನಾಗೇ ಹೋಯಿತು. ನಾಯಕ ಫೋನ್ ಬಿಲ್ ಕಟ್ಟಲು ಊರೊಳಗೆ ನಡೆದು ಹೋಗುತ್ತಾನೆ. ಅಂಚೆಯಲ್ಲಿ ಕಳಿಸಬಹುದಿತ್ತು, ಆದರೂ ನಡೆದೇ ಹೋಗುತ್ತಾನೆ, ನಾನೂ ಮನುಷ್ಯ ಅಂತ ತೋರಿಸಲು. ಹೋದರೆ ಬಿಲ್ ಆಗಲೇ ಯಾರೋ ಕಟ್ಟಿಬಿಟ್ಟಿದ್ದಾರೆ. ಕರುಣೆಯಿಂದ ಅಲ್ಲ, ಅವನು ಊರೊಳಗೆ ಕಾಲಿಡದಿರಲಿ ಅಂತ. ಕಾಕಾ ಚಹಾದ ಲೋಟ ಕೆಳಗಿಟ್ಟರು. "ಇದು ಬರದವಂಗ ಖರೇನ ಗೊತ್ತದ ತಂಗಿ. ಒಂದ್ ಊರಾಗ ಕಿರಾಣಿ ಅಂಗಡಿಯವ ಸಾಮಾನು ಮನಿಗೇ ಕಳಸ್ತಿದ್ದ. ಎಲ್ಲರೂ ಅಂತಿದ್ರು, ಎಷ್ಟ್ ಛಲೋ ಮನಷ್ಯಾ ಅಂತ."

ಆಮೇಲೆ ನಾನು ಒಂದು ಕಡೆ ಎಡವಿದೆ. ನಾಯಕ ದಿನಾ ತನ್ನ ಕೈಕಾಲು ಕಣ್ಣಿಂದ ನೋಡಿಕೊಳ್ಳುವ ಒಂದು ಶಿಸ್ತು ಇದೆ. ನಾನು ಅದನ್ನು 'ದೇಹದ ತಪಾಸಣೆ' ಅಂತ ಓದಿದೆ. ಕಾಕಾ ನಕ್ಕರು. ತಮ್ಮ ಚಪ್ಪಲಿ ಬಿಚ್ಚಿ ತಲೆಕೆಳಗೆ ಹಿಡಿದು ಒಂದು ಸಲ ಕುಟ್ಟಿದರು, ಒಳಗೆ ಬೆರಳಾಡಿಸಿದರು. ಆಮೇಲೆ ಅಂಗಾಲು ಮೇಲೆ ಮಾಡಿ, ಬೆರಳುಗಳ ಸಂದಿ ಒಂದೊಂದೇ ಬಿಡಿಸಿ ತೋರಿಸಿದರು. ಸ್ಪರ್ಶ ಇಲ್ಲದ ಕಾಲಿಗೆ ಹರಳು ಚುಚ್ಚಿದರೆ ಗೊತ್ತಾಗೋದಿಲ್ಲ. ನೋವೇ ಇಲ್ಲ ಅಂದರೆ ಮನುಷ್ಯ ಅದೇ ಕಾಲಲ್ಲಿ ಹೊಲಕ್ಕೆ ಹೋಗುತ್ತಾನೆ, ಬರುತ್ತಾನೆ, ಹರಳು ಹುಣ್ಣಾಗುತ್ತದೆ. ಅದಕ್ಕೇ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಕೊಡೋದು. ಸ್ಪರ್ಶ ಇದೆಯೋ ಇಲ್ಲವೋ ನೋಡಲು ಬಾಲ್‌ಪೆನ್ನಿನ ತುದಿ ಸಾಕಂತೆ. ಕಣ್ಣು ಮುಚ್ಚಿಸಿ ಮುಟ್ಟಿದ ಜಾಗ ಬೆರಳಿಟ್ಟು ತೋರಿಸು ಅನ್ನುವುದು. ಅವತ್ತಿನಿಂದ ನನ್ನ ಅನುವಾದದಲ್ಲಿ ಆ ಪದ 'ಕಾಲು ನೋಡ್ಕೊಳ್ಳೋದು' ಆಯಿತು.

ಎರಡನೇ ಭಾನುವಾರ ಕೆಟ್ಟಿತು. ತಪ್ಪು ಪೂರ್ತಿ ನನ್ನದು.

ಆ ಲೋಕದಲ್ಲಿ ಲೇನಾ ಅಂತ ಹದಿನಾರರ ಹುಡುಗಿ ಇವನನ್ನು ಕಂಡು ಮನೆಗೆ ಕರೆದೊಯ್ಯುತ್ತಾಳೆ. ಗಾಯಕ್ಕೆ ಬಂಗಾರದ ಮಿಂಚಿರುವ ಒಂದು ಮಣ್ಣು ಹಚ್ಚುತ್ತಾಳೆ. ಇಂಗ್ಲಿಷಿನಲ್ಲಿ ಅದು ಹರ್ಟ್‌ಲೋಮ್, ನಾನು 'ಗಾಯಮಣ್ಣು' ಮಾಡಿಕೊಂಡಿದ್ದೆ. ಅದರಿಂದ ಇವನ ಸತ್ತ ನರಗಳಿಗೆ ಜೀವ ಬರುತ್ತದೆ. ವರ್ಷಗಳ ಮೇಲೆ ಮೈಗೆ ಸ್ಪರ್ಶ ತಿಳಿದ ಆ ಅಮಲಿನಲ್ಲಿ ಅವನು ಆ ಹುಡುಗಿಯ ಮೇಲೇ ಅತ್ಯಾಚಾರ ಮಾಡುತ್ತಾನೆ. ನಾನು ಮೊದಲೇ ಏನೂ ಹೇಳಿರಲಿಲ್ಲ. ಕತೆಯ ಪೆಟ್ಟು ಹೋಗಬಾರದು ಅಂತ ಕಾಯ್ದಿಟ್ಟುಕೊಂಡಿದ್ದೆ. ಎಂಥಾ ದಡ್ಡತನ! ಗುಂಪಿನಲ್ಲಿ ಡಿಗ್ರಿ ಓದುವ ಹುಡುಗಿ ಒಬ್ಬಳಿದ್ದಾಳೆ. ಅವಳು ಬ್ಯಾಗ್ ತಗೊಂಡು ಸದ್ದಿಲ್ಲದೆ ಇಳಿದು ಹೋದಳು. ಕೆಳಗಿಂದ ನಮ್ಮವ್ವ ಕೂಗಿದಳು, "ಆ ಹುಡುಗಿ ಚಹಾ ಕುಡೀಲಾರ್ದೇ ಹೋತಲ್ಲ, ಏನ್ ಅಂದ್ರಿ ಅದಕ?"

ಉಳಿದವರು ಒಬ್ಬರ ಮೇಲೊಬ್ಬರು ಬಿದ್ದರು. ನಿವೃತ್ತ ಮಾಸ್ತರು, ನಾವು ಸರ್ ಅಂತೀವಿ, ಅಶ್ವತ್ಥಾಮನನ್ನು ತಂದರು. "ಮಲಗಿದವರನ್ನ ಕೊಂದ. ಕೃಷ್ಣ ಶಾಪ ಕೊಟ್ಟ. ಮೈಯೆಲ್ಲ ಕೀವು, ರಕ್ತದ ವಾಸನೆ, ಮೂರು ಸಾವಿರ ವರ್ಷ ಒಬ್ಬಂಟಿ ತಿರುಗಾಟ. ಇವನೂ ಅವನೇ." ಕಾಕಾಗೆ ಸಿಟ್ಟು ಬಂದದ್ದು ನಾನು ನೋಡಿದ್ದು ಅದೊಂದೇ ಸಲ. "ಸರ್, ಇದೇ ಮಾತಿಗೆ ಮೂವತ್ ವರ್ಷ ಬಡದಾಡೀನಿ. ಪಾಪ ಮಾಡ್ಯಾನ, ಅದಕ್ಕ ರೋಗ ಬಂತು ಅಂತ ಊರಾಗಿನವರೇ ಅಂತಿದ್ರು. ಇಲ್ಲಿ ನೋಡ್ರಿ, ಅವಂಗ ಮೊದಲ ರೋಗ ಬಂತು. ಪಾಪ ಆಮ್ಯಾಲೆ ಮಾಡ್ದ. ರೋಗ ಬ್ಯಾರೆ, ಪಾಪ ಬ್ಯಾರೆ."

ಎರಡು ದಿನ ಯೋಚಿಸಿದೆ. ಈ ಪುಸ್ತಕ ಓದಿದ ಬಹಳ ಜನ ಜಗಳಾಡೋದು ಇಲ್ಲೇ ಇರಬೇಕು. ಲೇಖಕ ರೋಗವನ್ನು ಸಬೂಬು ಮಾಡಿದ್ದಾನೆ ಅನ್ನುವವರಿಗೆ ಪುಸ್ತಕ ಆಗಿಬರೋದಿಲ್ಲ. ಸಬೂಬು ಕೊಟ್ಟು, ಅದು ಸಾಲೋದಿಲ್ಲ ಅಂತ ತೋರಿಸಿದ್ದಾನೆ ಅನ್ನುವವರು ಹತ್ತೂ ಓದುತ್ತಾರೆ. ನಾನು ಎರಡನೆಯವಳು. ಆದರೆ ಮೊದಲನೆಯವರು ಸರಿಯಾಗಿ ಓದಿಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ.

ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ನಡೆಸುವ ರೀತಿಯನ್ನೇ ಬದಲಿಸಿದೆ. ಮುಂದಿನ ವಾರ ಏನು ಬರುತ್ತದೆ ಅಂತ ಹಿಂದಿನ ವಾರವೇ ಹೇಳಿಬಿಡುವುದು. ಬೇಡ ಅಂದವರು ಆ ವಾರ ಬರೋದು ಬೇಡ, ಕಾರಣ ಕೇಳೋದಿಲ್ಲ. ಇನ್ನೊಂದು, 'ಇಷ್ಟ ಆಯ್ತಾ?' ಅನ್ನೋ ಪ್ರಶ್ನೆ ಬಂದ್. ಆ ಪ್ರಶ್ನೆ ಕೇಳಿದ ಕೂಡಲೇ ಜನ ಎರಡು ಪಾರ್ಟಿ ಆಗಿಬಿಡುತ್ತಾರೆ, ಚುನಾವಣೆ ಥರ. ಅದರ ಬದಲು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಬ್ಯಾಂಕಿನ ಹಳೆ ಚಲನ್‌ಗಳ ಹಿಂಬದಿ. ಒಂದೇ ಪ್ರಶ್ನೆ: ಎಲ್ಲಿಗೆ ಬಂದಾಗ ಪುಸ್ತಕ ಮುಚ್ಚಬೇಕು ಅನಿಸಿತು?

ಮೊದಲ ಪುಸ್ತಕ ಮುಗಿಯಲು ಎಂಟು ಭಾನುವಾರ ಹಿಡಿಯಿತು. ಚೀಟಿಗಳು ನಾನು ಅಂದುಕೊಂಡ ಹಾಗೆ ಬರಲಿಲ್ಲ.

ಮೆಡಿಕಲ್ ಅಂಗಡಿ ಇಟ್ಟಿರುವ ನಮ್ಮ ಗೆಳೆಯ ಬರೆದದ್ದು: 'ಹೆಸರುಗಳು. ಮೂರನೇ ವಾರಕ್ಕೇ ಸಾಕಾಯಿತು.' ಅವನನ್ನೂ ದೂರೋ ಹಾಗಿಲ್ಲ. ಫೋಮ್‌ಫಾಲೋವರ್ ಅನ್ನೋ ದೈತ್ಯನನ್ನು ನಾನು 'ನೊರೆ ಹಿಂಬಾಲಿ' ಮಾಡಿದಾಗ ಹತ್ತು ನಿಮಿಷ ಯಾರ ನಗುವೂ ನಿಲ್ಲಲಿಲ್ಲ. ಡೊನಾಲ್ಡ್‌ಸನ್ ಇಂಗ್ಲಿಷೂ ಹಾಗೇ, ಪುಟಕ್ಕೊಂದು ಸಲ ನಿಘಂಟು ತೆಗೆಸುತ್ತದೆ. ಸರ್ ಚೀಟಿಯಲ್ಲಿ ಅತ್ಯಾಚಾರದ ಮಾತೇ ಇಲ್ಲ. ಬೆರಳಲ್ಲಿ ಬಿಳಿ ಬಂಗಾರದ ಉಂಗುರ ಇದೆ, ಅದರಲ್ಲಿ ಶಕ್ತಿ ಇದೆ, ಆದರೂ ಜನ ಸಾಯುವಾಗ ಕೈ ಕಟ್ಟಿ ನಿಂತ. ಅಲ್ಲಿಗೆ ಮುಚ್ಚಿದರಂತೆ.

ನಮ್ಮಲ್ಲಿ ಇಬ್ಬರು ನೆಗೆಣ್ಣಿಯರು ಜೊತೆಗೇ ಬರುತ್ತಾರೆ. ಒಂದೇ ಮನೆ, ಒಂದೇ ಒಲೆ, ಒಂದೇ ಮಾತು ಮಾತ್ರ ಎಂದೂ ಇಲ್ಲ. ದೊಡ್ಡಾಕೆ ಮುಚ್ಚಿದ್ದು ಲೇನಾ ನಡೆದದ್ದನ್ನು ಬಚ್ಚಿಟ್ಟು ಅವನು ತಪ್ಪಿಸಿಕೊಂಡು ಹೋಗಲು ಹೊತ್ತು ಕೊಡುವ ಕಡೆ. "ಬರದಾಂವ ಗಂಡಸು. ಅದಕ್ಕ ಆಕಿ ಬಾಯಿ ಮುಚ್ಯಾನ." ಸಣ್ಣಾಕೆ ಮುಚ್ಚಲೇ ಇಲ್ಲ. ಲೇನಾಳ ತಾಯಿ, ಶಾಂತಿಯ ಆಣೆಗೆ ಕಟ್ಟುಬಿದ್ದು, ಮಗಳನ್ನು ಕೆಡಿಸಿದವನಿಗೇ ದಾರಿ ತೋರಿಸುತ್ತ ನಡೆಯುತ್ತಾಳೆ. ಅದನ್ನು ಕೇಳಿದ ರಾತ್ರಿ ನಿದ್ದೆ ಬರಲಿಲ್ಲವಂತೆ. "ಆ ತಾಯಿ ಮುಂದ ಏನ್ ಮಾಡ್ತಾಳ ತಿಳೀಬೇಕಲ್ರೀ, ಹ್ಯಾಂಗ ಮುಚ್ಚಲಿ?"

ನಾಯಕನ ಹೆಂಡತಿಯ ಮೇಲೆ ಮಾತ್ರ ಎಲ್ಲರೂ ಒಟ್ಟಿಗೇ ಸಿಟ್ಟಾಗಿದ್ದರು. ನಮ್ಮಲ್ಲೂ ಕುಷ್ಠರೋಗ ವಿಚ್ಛೇದನಕ್ಕೆ ಕಾರಣ ಅಂತ ಕಾನೂನಿನಲ್ಲೇ ಇತ್ತು, ತೆಗೆದದ್ದು 2019ರಲ್ಲಿ ಅಂತ ಕಾಕಾ ಹೇಳಿದ ಮೇಲೆ ಒಂದು ಸಲ ಎಲ್ಲರೂ ಸುಮ್ಮನಾದರು.

ಕಾಕಾ ಚೀಟಿಯನ್ನು ನಾನು ಎರಡು ಸಲ ಓದಿದೆ. 'ಗಾಯಮಣ್ಣು' ಅಂತ ಅಷ್ಟೇ ಇತ್ತು. ಲೇನಾ ವಿಷಯಕ್ಕೂ ಮೊದಲೇ, ಬೆರಳಿಗೆ ಸ್ಪರ್ಶ ಬಂದ ಕಡೆಯೇ ಅವರು ಮನಸ್ಸಿನಲ್ಲಿ ಪುಸ್ತಕ ಮುಚ್ಚಿದ್ದರು. ಯಾಕೆ ಅಂತ ಕೇಳಿದೆ. ಅವರು ಕೆಲಸಕ್ಕೆ ಸೇರಿದಾಗ ಇದ್ದದ್ದು ಡ್ಯಾಪ್ಸೋನ್ ಒಂದೇ. ಗುಳಿಗೆ ನುಂಗೋದು ವರ್ಷಗಟ್ಟಲೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಕ್ಲೋಫಾಜಿಮಿನ್ ಕೂಡಿಸಿ ಕೊಡಲು ಹೇಳಿತು. ಆ ಪ್ಯಾಕೆಟ್ ಊರುಗಳಿಗೆ ಬಂದ ಮೇಲೆ ರೋಗ ವಾಸಿಯಾಗತೊಡಗಿತು. ಈಗ ಆರು ತಿಂಗಳು, ಇಲ್ಲ ಒಂದು ವರ್ಷ, ಅಷ್ಟೇ. ಆದರೆ ಔಷಧಿ ಸಾಯಿಸುವುದು ರೋಗದ ಕ್ರಿಮಿಯನ್ನು. ಹಳೇ ನರ ಒಣಗಿದ್ದರೆ ಒಣಗಿದ್ದೇ.

"ಗುಳಿಗಿ ಮುಗದ್ವು, ರೋಗ ಹೋತು ಅಂತ ಕಾರ್ಡಿನ್ಯಾಗ ಬರದ್ ಕೊಡ್ತಿದ್ದೆ. ಅವ್ರು ಕೈ ಚಾಚಿ ಕೇಳ್ತಿದ್ರು, ಇದು ಯಾವಾಗ ಬರ್ತದ್ರೀ ಅಂತ. ನಾ ಏನ್ ಹೇಳ್ಲಿ?"

ಅವತ್ತು ಚರ್ಚೆ ಮುಂದೆ ಹೋಗಲಿಲ್ಲ.

ಹುಡುಗಿ ನಾಲ್ಕು ವಾರ ಬರಲಿಲ್ಲ. ಐದನೇ ವಾರ ಬಂದು ಒಂದೇ ಮಾತು ಕೇಳಿದಳು, "ಅಕ್ಕ, ಲೇನಾ ಏನಾದಳು?" ಅವನ ಕತೆ ಬೇಡ, ಅವಳದಷ್ಟೇ ಬೇಕು. ನಾನು ಇಂಥ ಓದು ನೋಡಿರಲಿಲ್ಲ. ಆದರೆ ಕೂತು ಮೂರೂ ಪುಸ್ತಕ ತಿರುವಿ ಲೇನಾ ಬರುವ ಪುಟಗಳಿಗೆಲ್ಲ ಚಲನ್ ಹರಿದು ಚೀಟಿ ಸಿಕ್ಕಿಸಿದೆ. ಅವಳ ತಾಯಿಯ ಪುಟಗಳಿಗೂ, ಅವಳ ಮಗಳ ಪುಟಗಳಿಗೂ. ಎರಡನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಆ ಲೋಕದಲ್ಲಿ ನಲವತ್ತು ವರ್ಷ ಕಳೆದಿರುತ್ತವೆ. ಅವನಿಂದ ಹುಟ್ಟಿದ ಮಗಳೇ ಅಲ್ಲಿ ಎಲ್ಲರಿಗಿಂತ ದೊಡ್ಡ ಸ್ಥಾನದಲ್ಲಿರುತ್ತಾಳೆ. ಅವನು ಪಶ್ಚಾತ್ತಾಪಕ್ಕೆ ಅಂತ, ವರ್ಷಕ್ಕೊಮ್ಮೆ ಲೇನಾಳನ್ನು ನೋಡಿ ಬನ್ನಿ ಅಂತ ಕುದುರೆಗಳಿಗೆ ಒಪ್ಪಿಸಿರುತ್ತಾನೆ. ತಾನು ಮಾತ್ರ ಹೋಗೋದಿಲ್ಲ. ಮೂರನೆಯದರಲ್ಲಿ ಲೇನಾ ಮುದುಕಿ, ಬುದ್ಧಿ ನೆಟ್ಟಗಿಲ್ಲ, ಇನ್ನೂ ಅವನ ದಾರಿ ಕಾಯುತ್ತಿರುತ್ತಾಳೆ. ಅವನನ್ನು ಉಳಿಸಲು ಹೋಗಿ ಸಾಯುತ್ತಾಳೆ.

ಹದಿನೈದು ದಿನಕ್ಕೆ ಮೂರೂ ಪುಸ್ತಕ ವಾಪಸ್ ಬಂದವು. "ಕೊನೀಗೂ ಅವನ ಸಲುವಾಗೇ ಸಾಯ್ಬೇಕಾ ಅಕ್ಕ ಆಕಿ?" ಅಂದಳು. ಗಂಟಲು ಬಿಗಿದಿತ್ತು. ಲೇಖಕ ಬೇಕಂತಲೇ ಹಾಗೆ ಮಾಡಿದ್ದಾನೆ, ತಪ್ಪು ಅಲ್ಲಿಗೆ ಮುಗಿಯೋದಿಲ್ಲ ಅಂತ ತೋರಿಸಲು, ಅಂತ ನಾನು ಶುರು ಮಾಡಿದೆ. ಅವಳು ತಲೆ ಅಲ್ಲಾಡಿಸಿದಳು. ನನಗೂ ನನ್ನ ಮಾತು ಆ ಹೊತ್ತಿಗೆ ಪೊಳ್ಳು ಅನಿಸಿತು. ಸುಮ್ನೆ ಚಹಾ ಕೊಟ್ಟೆ.

ಮೂರನೇ ಪುಸ್ತಕದ ಕೊನೆಯ ಚೀಟಿ ಇದ್ದ ಪುಟದಲ್ಲಿ ಅವಳು ಪೆನ್ಸಿಲಿನಿಂದ ಸಣ್ಣಗೆ ಒಂದು ಗೆರೆ ಎಳೆದಿದ್ದಾಳೆ. ಅಳಿಸಿಲ್ಲ. ಎರಡನೇ ಪುಸ್ತಕ ಈಗ ಸಣ್ಣ ನೆಗೆಣ್ಣಿಯ ಮನೆಯಲ್ಲಿದೆ. ಮಗನ ಹತ್ತಿರ ದಿನಾ ಒಂದು ಪುಟ ಓದಿಸಿ ಅರ್ಥ ಕೇಳುತ್ತಾಳಂತೆ. ದೊಡ್ಡಾಕೆ ಅಡುಗೆಮನೆಯಿಂದ ಬೈಯುತ್ತಲೇ ಕೇಳಿಸಿಕೊಳ್ಳುತ್ತಾಳೆ ಅಂತ ಸುದ್ದಿ.